ಮಳೆಗಾಲದಲ್ಲಿ ಗೋಮಾಳದ ಹುಲ್ಲನ್ನು ಕಾಪಾಡುವ ಕ್ರಮ

ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಗೋಮಾಳವು ಬೋಳಾಗಿ ದನಗಳಿಗೆ ಮೇವಿಲ್ಲವೆಂಬ ದೂರು ಫಾಲ್ಗುಣ ಚೈತ್ರ ಮಾಸಗಳಲ್ಲಿ ಕೇಳಿಬರುವುದು ವಾಡಿಕೆ. ಬಿಸಿಲು ಹೆಚ್ಚಾಯಿತು, ಮಳೆ ಮೊದಲೇ ನಿಂತಿತು, ದನಗಳ ಸಂಖ್ಯೆ ಮಿತಿಮೀರಿತು ಎಂದು ಕಾರಣ ಹೇಳುವುದೂ ವಾಡಿಕೆಯೇ. ಈ ಕಾರಣಗಳಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ಆದರೆ ಬೇಸಗೆಯಲ್ಲಿ ಕಣ್ಣಿಗೆ ಬೀಳುವ ಕೆಡುಕಿನ ಬಹುಭಾಗವು ಅದಕ್ಕೆ ಎಂಟೊಂಬತ್ತು ತಿಂಗಳು ಹಿಂದೆಯೇ, ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ ನೆಲವು ನೀರು ಕುಡಿದು ಮೆತ್ತಗಾಗಿದ್ದಾಗ, ದನಗಳ ಗೊರಸಿನಿಂದಲೂ ಗಾಡಿ ಟ್ರ್ಯಾಕ್ಟರುಗಳ ಚಕ್ರದಿಂದಲೂ ಆಗಿಹೋಗಿರತಕ್ಕದ್ದು. ಆ ಕಾಲದಲ್ಲಿ ಹುಲ್ಲು ಹಸುರಾಗಿಯೇ ಕಾಣುವುದರಿಂದ ಯಾರೂ ಅದನ್ನು ಗಮನಿಸುವುದಿಲ್ಲ. ದನದ ಬಾಯಿಗೆ ಹೋದ ಹುಲ್ಲು ಮಳೆಗಾಲದಲ್ಲಿ ಕೆಲವೇ ವಾರಗಳೊಳಗಾಗಿ ಮರಳಿ ಚಿಗುರುವುದು. ಒದ್ದೆಯಲ್ಲಿ ತುಳಿದು ಕೆಟ್ಟ ನೆಲವು ಮರಳಿ ಹದಕ್ಕೆ ಬರಲು ಒಂದು ವರ್ಷವೂ ಸಾಲದೆ ಹೋಗುವುದುಂಟು. ಈ ಸಂಗತಿಯನ್ನೂ ಇದಕ್ಕೆ ಮಾಡತಕ್ಕ ಪರಿಹಾರವನ್ನೂ ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ತಿಳಿಯಪಡಿಸುವುದಕ್ಕಾಗಿ ಈ ಪತ್ರಿಕೆಯನ್ನು ಬರೆದಿದೆ.

ಗೋಮಾಳದ ವಿಸ್ತೀರ್ಣವು ಎಷ್ಟು ಸ್ವಲ್ಪವೆಂಬುದನ್ನು ಮೊದಲು ಲೆಕ್ಕಹಾಕಿ ನೋಡುವುದು ಒಳ್ಳೆಯದು. ೧೯೬೬ರ ಕರ್ನಾಟಕ ಭೂ ಕಂದಾಯ ನಿಯಮಗಳ ಮೇರೆಗೆ ನೂರು ದನಗಳಿಗೆ ೧೨ ಹೆಕ್ಟೇರು, ಎಂದರೆ ಸುಮಾರು ೩೦ ಎಕರೆ, ಗೋಮಾಳವನ್ನು ಬಿಡತಕ್ಕದ್ದಾಗಿದೆ. ತಲೆಗೆ ೧೨ ಗುಂಟೆ ಬಿದ್ದಂತಾಯಿತು. ಮೇಯುತ್ತ ಅಡ್ಡಾಡುವ ಹಸುವು ದಿನಕ್ಕೆ ಪ್ರತಿ ಕಾಲನ್ನೂ ಮೂರು ಸಾವಿರ ಸಲ ಊರಿತೆಂದು ಇಟ್ಟುಕೊಳ್ಳೋಣ. ಒಂದು ಗೊರಸಿನ ಅಡಿಭಾಗವು ಸುಮಾರು ೭೫ ಚದರ ಸೆಂಟಿಮೀಟರಿನಷ್ಟಿದ್ದರೆ, ನಾಲ್ಕು ಕಾಲುಗಳೂ ಸೇರಿ ದಿನಕ್ಕೆ ತುಳಿಯುವ ನೆಲವು ೯೦ ಚದರ ಮೀಟರು. ಇದು ಒಂದು ಗುಂಟೆಗೆ ಸ್ವಲ್ಪವೇ ಕಡಮೆ. ಹೀಗೆ ಎರಡು ವಾರಗಳೊಳಗಾಗಿ ಆ ಹಸುವಿನ ಪಾಲಿನ ಹನ್ನೆರಡು ಗುಂಟೆಗೆ ಸಮನಾದ ನೆಲವು ತುಳಿತಕ್ಕೆ ಸಿಕ್ಕುವುದು. ದನಗಳು ನೆಲವನ್ನೆಲ್ಲ ಸಮನಾಗಿ ತುಳಿಯುವುದಿಲ್ಲವಾದ್ದರಿಂದ, ಬಾಗಿಲು, ನೀರು, ನೆರಳು ಇರುವ ಕಡೆ ಇದರ ಹಲವು ಪಟ್ಟು ತುಳಿತವಾಗುವುದು. ಎಷ್ಟೋ ಹಳ್ಳಿಗಳಲ್ಲಿ ನಿಯಮದಷ್ಟು ಗೋಮಾಳವು ಉಳಿದಿಲ್ಲವೆಂಬುದೂ ಎಲ್ಲರಿಗೂ ಗೊತ್ತಿರುವ ವಿಷಯವೇ.

ತುಳಿತದಿಂದ ನೆಲಕ್ಕೆ ಆಗುವುದೇನು

ಇದನ್ನು ತಿಳಿಯಲು ಭತ್ತ ಬೆಳೆಯುವ ರೈತನು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ನಾಟಿಗೆ ಮೊದಲು ಗದ್ದೆಗೆ ನೀರು ಕಟ್ಟಿ, ಮಣ್ಣು ನೆಂದ ಮೇಲೆ ಮತ್ತೆ ಮತ್ತೆ ಉತ್ತು, ತುಳಿಸಿ, ಹಲಗೆ ಎಳೆದು ಕೆಸರು ಮಾಡುವ ಉದ್ದೇಶವೇನು? ನೀರು ಕೆಳಕ್ಕೆ ಇಂಗದೆ ಮೇಲೆಯೇ ನಿಲ್ಲಬೇಕೆಂಬುದೇ ಮುಖ್ಯ ಉದ್ದೇಶ. ಒಳ್ಳೆಯ ನೆಲದ ಗಾತ್ರದಲ್ಲಿ ಸುಮಾರು ಅರ್ಧಭಾಗವು ಮಾತ್ರ ಮಣ್ಣು. ಉಳಿದರ್ಧವು ಸಣ್ಣ ದೊಡ್ಡ ರಂಧ್ರಗಳು. ದೊಡ್ಡ ರಂಧ್ರಗಳ ಮೂಲಕ ಮಳೆಯ ನೀರು ಇಳಿದುಹೋಗಿ ಆ ಜಾಗಕ್ಕೆ ಗಾಳಿಯು ಬರುವುದು. ಸಣ್ಣವುಗಳಲ್ಲಿ ನೀರು ಉಳಿದು ಬೇರಿಗೆ ಒದಗುವುದು. ಒಣಗಿದ ಮಣ್ಣಿನ ಹರಳುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಭಾರವನ್ನು ತಾಳುತ್ತವೆ. ನೆಂದ ಮೇಲೆ ಆ ಬಿಗಿಯು ಸಡಿಲವಾಗಿ, ಭಾರ ಬಿದ್ದ ಕೂಡಲೆ ಹರಳುಗಳು ಜಾರಿ, ಒಡೆದು, ನುಣ್ಣನೆಯ ಕೆಸರಾಗಿ ದೊಡ್ಡ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಗದ್ದೆಯಲ್ಲಿ ಬೇಕೆಂದು ಮಾಡುವ ಈ ಕೆಲಸವನ್ನೇ ಗೋಮಾಳದಲ್ಲಿ ದನಗಳು ತಮಗರಿಯದೆ ಮಾಡುತ್ತವೆ. ಭತ್ತದ ಪೈರಿಗೆ ನಿಂತ ನೀರಿನಲ್ಲಿ ಬಾಳುವ ಶಕ್ತಿಯುಂಟು, ಅದರ ಕಾಂಡದೊಳಗಿನಿಂದಲೇ ಬೇರಿಗೆ ಗಾಳಿ ಇಳಿಯುವುದು. ಗೋಮಾಳದ ಒಳ್ಳೆಯ ಹುಲ್ಲುಗಳಲ್ಲಿ ಹೆಚ್ಚಿನವಕ್ಕೆ ಆ ಶಕ್ತಿಯಿಲ್ಲ. ಬೇರುಗಳು ಕೆಳಗಿಳಿಯಲಾರದೆ ಮೇಲಿನ ಒಂದೆರಡು ಅಂಗುಲದಲ್ಲಿಯೇ ಹರಡಿ, ಮಳೆ ನಿಂತ ಕೆಲವೇ ದಿನಗಳಲ್ಲಿ ಒಣಗುತ್ತವೆ. ಕುಯಿಲಾದ ಗದ್ದೆಯು ಬಿಸಿಲಿಗೆ ಒಣಗಿ ಕಲ್ಲಿನಂತಾಗಿ ಬಿರಿಯುವುದನ್ನು ಕಂಡವರಿಗೆ ತುಳಿದ ಗೋಮಾಳವು ಬೇಸಗೆಯಲ್ಲಿ ಏಕೆ ಹಾಗಾಗುವುದೆಂದು ಮತ್ತೆ ಹೇಳಬೇಕಾಗಿಲ್ಲ.

ಗೊರಸಿನ ಗುಳಿಗಳಲ್ಲಿ ನಿಲ್ಲುವ ನೀರಿನಿಂದ ಮತ್ತೊಂದು ಕೇಡೂ ಉಂಟು. ದನಗಳ ಯಕೃತ್ತಿನಲ್ಲಿ ಸೇರಿ ರಕ್ತವನ್ನು ಹೀರುವ ಚಪ್ಪಟೆ ಹುಳುವಿನ ಮೊಟ್ಟೆಗಳು ಸಗಣಿಯೊಡನೆ ಹೊರಬಿದ್ದು, ನೀರಿನಲ್ಲಿ ಒಡೆದು, ಅಲ್ಲಿನ ಸಣ್ಣ ಬಸವನಹುಳುಗಳ ಶರೀರದಲ್ಲಿ ಬೆಳೆದು, ಬಳಿಕ ಹೊರಬಂದು ಹುಲ್ಲಿನ ಎಲೆಗೆ ಅಂಟಿಕೊಳ್ಳುತ್ತವೆ. ಆ ಹುಲ್ಲನ್ನು ಮೇದ ದನವು ದಿನೇ ದಿನೇ ಬಡಕಲಾಗಿ, ಗಂಟಲಿನ ಕೆಳಗೆ ಬಾವು ಬಂದು, ಬೇಧಿಯಿಂದ ಸೊರಗುವುದು. ಗದ್ದೆಬಯಲಿನ ಹಳ್ಳಿಗಳಲ್ಲಿ ಇದು ಅಪರೂಪದ ರೋಗವಲ್ಲ. ಇಂಥ ಲಕ್ಷಣ ಕಂಡಲ್ಲಿ ಪಶುವೈದ್ಯರಿಗೆ ತೋರಿಸಿ ಔಷಧ ಕುಡಿಸತಕ್ಕದ್ದು. ಆದರೆ ತಗ್ಗಿನ ಕೆಸರಿನಲ್ಲಿಯೇ ಮತ್ತೆ ಮೇಯಲು ಬಿಟ್ಟರೆ ರೋಗವು ಮರಳಿ ಬರುವ ಸಂಭವವೇ ಹೆಚ್ಚು.

ತುಳಿತದ ನೆಲದಲ್ಲಿ ಹುಲ್ಲಿನ ಜಾತಿಯೂ ಬದಲಾಗುವುದು. ಗರಿಕೆಯೊಂದೇ ಬಹುಮಟ್ಟಿಗೆ ತಾಳತಕ್ಕದ್ದು. ಅದರ ಬಳ್ಳಿಯು ನೆಲವನ್ನಪ್ಪಿ ಹರಿಯುವುದರಿಂದಲೂ, ಮಣ್ಣಿನೊಳಗೂ ಅದಕ್ಕೆ ಗೆಣ್ಣುಗಳಿರುವುದರಿಂದಲೂ ಒಂದು ಕಡೆ ಸತ್ತರೆ ಮತ್ತೊಂದು ಕಡೆ ಚಿಗುರುವುದು. ಗರಿಕೆಯೂ ಸೋತ ಮೇಲೆ ಬೋಳುನೆಲಕ್ಕೆ ಚಗಟೆ, ಮುಟ್ಟಿದರೆ ಮುನಿ, ಪಾರ್ಥೇನಿಯಂ ಕಳೆ ಬರುವುವು. ಪಾರ್ಥೇನಿಯಂ ಬಂದ ಗೋಮಾಳವು ಪೂರ್ತಿ ಹಸುರಾಗಿ ಕಂಡರೂ ದನಗಳಿಗೆ ಅದರಿಂದ ತುತ್ತು ಮೇವೂ ಸಿಕ್ಕುವುದಿಲ್ಲ.

ದನಗಳ ತೂಕದ ವಿಷಯವನ್ನೂ ಇಲ್ಲಿ ಹೇಳಬೇಕು. ಮಲೆನಾಡು ಗಿಡ್ಡ ಜಾತಿಯ ಹಸುವು ಸುಮಾರು ೧೨೦ ಕಿಲೋಗ್ರಾಂ ತೂಗುವುದು. ಹಾಲಿಗಾಗಿ ಸಾಕುವ ಹೋಲ್‌ಸ್ಟೀನ್ ಮಿಶ್ರತಳಿಯ ಹಸುವು ೩೫೦ರಿಂದ ೪೦೦ ಕಿಲೋಗ್ರಾಂ. ದೊಡ್ಡ ದನಕ್ಕೆ ಗೊರಸೂ ದೊಡ್ಡದೇ ಆದರೂ, ಭಾರವು ಹೆಚ್ಚಿದಷ್ಟೂ ಅದರ ಒತ್ತಡವು ಮಣ್ಣಿನೊಳಗೆ ಹೆಚ್ಚು ಆಳಕ್ಕೆ ಇಳಿಯುವುದು. ಹಿಂದೆ ಗಿಡ್ಡ ದನಗಳ ಮಂದೆಯನ್ನು ತಾಳಿಕೊಂಡಿದ್ದ ಗೋಮಾಳವು ಈಗಿನ ಹಸು ಎಮ್ಮೆಗಳನ್ನು ಅದೇ ಸಂಖ್ಯೆಯಲ್ಲಿ ತಾಳಲಾರದೆ ಹೋದರೆ ಆಶ್ಚರ್ಯವಿಲ್ಲ. ಟ್ರ್ಯಾಕ್ಟರಿನ ಮಾತಂತೂ ಬೇರೆಯೇ. ಮಳೆಗಾಲದಲ್ಲಿ ಹತ್ತಿರದ ದಾರಿಯೆಂದು ಗೋಮಾಳದ ನಡುವೆ ಒಂದು ಸಲ ಟ್ರ್ಯಾಕ್ಟರು ಹಾದರೆ ಅದರ ಗಾಲಿಯ ಜಾಡು ಎರಡು ಮೂರು ವರ್ಷ ಉಳಿಯುವುದುಂಟು. ಆ ಜಾಡಿನಲ್ಲಿಯೇ ಮಳೆನೀರು ಹರಿದು ಕೊರಕಲಾಗುವುದು.

ಇತರರು ಅನುಸರಿಸಿರುವ ಕ್ರಮ

ಒದ್ದೆನೆಲದ ವಿಷಯದಲ್ಲಿ ದನ ಸಾಕುವವರಿಗಿಂತಲೂ ಆಟದ ಬಯಲುಗಳನ್ನು ನೋಡಿಕೊಳ್ಳುವವರೇ ಹೆಚ್ಚು ಎಚ್ಚರ ವಹಿಸಿದ್ದಾರೆಂದು ಹೇಳಬೇಕಾಗಿದೆ. ಗಾಲ್ಫ್ ಎಂಬ ಆಟವನ್ನು ರೈತರಲ್ಲಿ ಹೆಚ್ಚು ಮಂದಿ ನೋಡಿರಲಾರರು. ಸಣ್ಣ ಚೆಂಡೊಂದನ್ನು ಕೋಲಿನಿಂದ ಹೊಡೆಯುತ್ತ, ನೂರಾರು ಗಜ ದೂರದ ಗುಳಿಗೆ ಸೇರಿಸುವ ಆಟವಿದು. ಬೆಂಗಳೂರಿನಲ್ಲಿ ಇದಕ್ಕಾಗಿ ೧೮೭೬ರಲ್ಲಿಯೇ ಒಂದು ಸಂಘವು ಸ್ಥಾಪಿತವಾಯಿತು. ಆಟಗಾರರು ನಡೆದುಹೋಗುವ ಉದ್ದನೆಯ ಹುಲ್ಲಿನ ಪಟ್ಟಿಗೆ ಫೇರ್‌ವೇ ಎಂದು ಹೆಸರು. ಈ ಆಟದ ತವರಾದ ಸ್ಕಾಟ್ಲೆಂಡಿನಲ್ಲಿ ಚಳಿಗಾಲವು ಒದ್ದೆಯ ಕಾಲ. ಚಳಿಗೆ ಹುಲ್ಲಿನ ಬೆಳವಣಿಗೆಯು ನಿಂತುಹೋಗಿರುವುದರಿಂದ ಆಗ ಬಿದ್ದ ಗಾಯವು ವಸಂತದವರೆಗೂ ಮಾಯುವುದಿಲ್ಲ. ಆದಕಾರಣ ಸೇಂಟ್ ಆಂಡ್ರೂಸ್ ಎಂಬ ಊರಿನ ಹಳೆಯ ಬಯಲಿನಲ್ಲಿ ನವೆಂಬರಿನಿಂದ ಮಾರ್ಚಿಯವರೆಗೆ ಪ್ರತಿ ಆಟಗಾರನೂ ಒಂದು ಸಣ್ಣ ಚಾಪೆಯ ತುಂಡನ್ನು ಕೈಯಲ್ಲಿ ಹಿಡಿದು, ಫೇರ್‌ವೇಯಲ್ಲಿ ಚೆಂಡನ್ನು ಅದರ ಮೇಲಿಟ್ಟು ಹೊಡೆಯಬೇಕೆಂದು ಕಟ್ಟಳೆಯುಂಟು. ಬೇರೆ ಬಯಲುಗಳಲ್ಲಿ ಮೆತ್ತನೆಯ ಭಾಗಕ್ಕೆ ಹಗ್ಗ ಕಟ್ಟಿ ಜನರನ್ನು ಗಟ್ಟಿನೆಲದ ಕಡೆಗೆ ತಿರುಗಿಸುತ್ತಾರೆ, ಸಾಮಾನು ಸಾಗಿಸುವ ಗಾಡಿಗಳನ್ನು ತಡೆಯುತ್ತಾರೆ. ನೀರು ನಿಂತ ದಿನ ಬಯಲನ್ನೇ ಮುಚ್ಚುತ್ತಾರೆ. ಮುಚ್ಚುವುದೋ ತೆರೆಯುವುದೋ ಎಂಬುದನ್ನು ಬೆಳಗ್ಗೆ ನೆಲವನ್ನು ನೋಡಿ ಅಲ್ಲಿನ ಮೇಲ್ವಿಚಾರಕನು ಹೇಳತಕ್ಕದ್ದು. ಎಷ್ಟೇ ದೊಡ್ಡ ಮನುಷ್ಯರಾದರೂ ಅದನ್ನು ಮೀರುವಂತಿಲ್ಲ. ಆಟಕ್ಕಾಗಿ ಇಷ್ಟು ಶ್ರದ್ಧೆಯೇ ಎಂದು ನಗುವವರು ನಗಬಹುದು. ಅವರು ಮನುಷ್ಯನ ಕಾಲಿಗೇ ಇಷ್ಟು ಹೆದರುತ್ತಾರೆಂಬುದನ್ನು ಮಾತ್ರ ಗಮನಿಸತಕ್ಕದ್ದು.

ದನಗಳ ಉದಾಹರಣೆಯೇ ಬೇಕೆಂದರೆ ಅದು ಇನ್ನೂ ಹತ್ತಿರದಲ್ಲಿದೆ. ಚಿಕ್ಕದೇವರಾಜ ಒಡೆಯರ (೧೬೭೨–೧೭೦೪) ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಏರ್ಪಟ್ಟು, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ದನಗಳ ಇಲಾಖೆಗೆ ಮೈಸೂರು ಸೀಮೆಯ ಅನೇಕ ಕಡೆ ಕಾವಲುಗಳಿದ್ದವು. ಭದ್ರಾವತಿಯ ಪೂರ್ವಕ್ಕೆ, ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರದಲ್ಲಿ ಈ ತಳಿಯ ಕೇಂದ್ರವಿರುವುದು ಈ ಭಾಗದ ರೈತರಿಗೆ ಗೊತ್ತು. ಆ ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ಮೂರು ಬಗೆಯಾಗಿ ವಿಂಗಡಿಸಿ, ಆಯಾ ಕಾಲಕ್ಕೆ ತಕ್ಕ ಕಾವಲಿಗೆ ಮಂದೆಯನ್ನು ಹೊಡೆಯುತ್ತಿದ್ದರು. ಉಳಿದ ಕಾಲದಲ್ಲಿ ಅಲ್ಲಿ ಕಾವಲುಗಾರರಿದ್ದು ಹುಲ್ಲನ್ನು ಕಾಯುತ್ತಿದ್ದರು. ಇಡೀ ಸಂಸ್ಥಾನದಲ್ಲಿ ನಡೆಯುತ್ತಿದ್ದ ಈ ಏರ್ಪಾಡನ್ನು ಮೂವತ್ತು ಎಕರೆಯ ಒಂದು ಗೋಮಾಳದೊಳಗೆ ನಡೆಸುವುದೆಂದರೆ ಅದನ್ನು ಮೂರು ನಾಲ್ಕು ಭಾಗ ಮಾಡಿಕೊಳ್ಳುವುದೇ ಆಗಿದೆ.

ಮುಚ್ಚುವ ದಿನವನ್ನು ಗೊತ್ತುಮಾಡುವುದು

ಮಳೆಗಾಲ ಪೂರ್ತಿ ಗೋಮಾಳವನ್ನು ಮುಚ್ಚಬೇಕೆಂದು ಹೇಳುವುದು ಸುಲಭ, ನಡೆಸುವುದು ಅಸಾಧ್ಯ. ಅದರ ಅವಶ್ಯಕತೆಯೂ ಇಲ್ಲ. ಈ ಜಿಲ್ಲೆಯೊಳಗೇ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವುದು. ಪೂರ್ವಕ್ಕೆ ಬಂದಂತೆ ಮಳೆಯು ಬೇಗ ಬೇಗ ಕಡಮೆಯಾಗಿ, ಶಿವಮೊಗ್ಗ ಭದ್ರಾವತಿಗಳ ಬಯಲಿನಲ್ಲಿ ಅದರ ಸಣ್ಣದೊಂದು ಅಂಶ ಮಾತ್ರ ಬೀಳುವುದು. ಇಲ್ಲಿ ಮಳೆಯ ನಡುವೆ ಹೊಳವಾಗುವ ದಿನಗಳು ಬೇಕಾದಷ್ಟಿವೆ. ಕೆಂಪು ಮರಳುಮಿಶ್ರ ನೆಲವು ಒಂದೆರಡು ದಿನದ ಬಿಸಿಲಿಗೆ ತಾಳುವಷ್ಟು ಗಟ್ಟಿಯಾಗುವುದು. ಎರೆಮಣ್ಣಿಗೂ ಕೆರೆಯ ಹಿಂಬದಿಯ ಜೇಡಿಗೂ ವಾರ ಬೇಕಾದೀತು. ಆದಕಾರಣ ತಿಂಗಳನ್ನು ನೋಡಿ ಮುಚ್ಚುವುದಕ್ಕಿಂತ ನೆಲವನ್ನು ನೋಡಿ ಮುಚ್ಚುವುದು ಲೇಸು.

ಪರೀಕ್ಷೆಯು ಬಹಳ ಸರಳ. ಬೆಳಗ್ಗೆ ದನ ಬಿಡುವ ಮೊದಲು ಗೋಮಾಳದ ಮೂರು ನಾಲ್ಕು ಕಡೆ ಹುಲ್ಲಿನ ಕೆಳಗಿನಿಂದ ಎರಡು ಅಂಗುಲ ಆಳದ ಮಣ್ಣನ್ನು ಒಂದು ಹಿಡಿ ತೆಗೆದು ಅಂಗೈಯಲ್ಲಿ ಅಮುಕಿ ನೋಡತಕ್ಕದ್ದು. ಬೆರಳ ಸಂದಿಯಲ್ಲಿ ನೀರು ಒಸರಿದರೆ ಅಥವಾ ಮಣ್ಣು ಬೆರಳಿಗೆ ಮೆತ್ತಿದರೆ ಆ ದಿನ ಮುಚ್ಚತಕ್ಕದ್ದು. ಅಂಗೈಗಳ ನಡುವೆ ಹೊಸೆದಾಗ ಸೀಸದಕಡ್ಡಿಯ ದಪ್ಪದ ಬತ್ತಿಯು ತುಂಡಾಗದೆ ಬಂದರೂ ಮುಚ್ಚುವುದೇ ಸರಿ. ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿದರೆ ಪುಡಿಯಾದರೆ ತೆರೆಯಬಹುದು. ಮರಳು ನೆಲದಲ್ಲಿ ಬತ್ತಿಯು ಯಾವಾಗಲೂ ಬರುವುದಿಲ್ಲ. ಅಲ್ಲಿ ಹಿಮ್ಮಡಿಯನ್ನು ಬಲವಾಗಿ ಊರಿ ತೆಗೆದಾಗ ಗುಳಿಯಲ್ಲಿ ನೀರು ಕೂಡುವುದೋ ಇಲ್ಲವೋ ನೋಡಿದರೆ ಸಾಕು.

ಇದನ್ನು ಪ್ರತಿದಿನ ನೋಡಿ ಹೇಳುವ ಹೊಣೆಯನ್ನು ಒಬ್ಬನಿಗೇ ವಹಿಸತಕ್ಕದ್ದು. ಹತ್ತು ಮಂದಿ ಕೂಡಿ ತೀರ್ಮಾನಿಸುವುದರೊಳಗೆ ದನಗಳು ಒಳಗೆ ಹೋಗಿರುತ್ತವೆ. ಹಿಂದೆ ಇಂಥ ಕೆಲಸಕ್ಕೆ ಪಟೇಲನ ಮಾತು ನಡೆಯುತ್ತಿತ್ತು. ೧೯೬೩ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದ ಮೇಲೆ ಗ್ರಾಮ ಪಂಚಾಯಿತಿಯ ಸದಸ್ಯರೊಬ್ಬರೋ, ಊರಿನವರು ಒಪ್ಪಿದ ಅನುಭವಸ್ಥ ರೈತನೊಬ್ಬನೋ ವಹಿಸಿಕೊಳ್ಳಬೇಕಾಗಿದೆ. ಮುಚ್ಚಿದ ದಿನ ಬಾಗಿಲಿನ ಕಂಬಕ್ಕೆ ಕೆಂಪು ಬಟ್ಟೆ ಕಟ್ಟಿದರೆ ದನ ಕಾಯುವ ಹುಡುಗರಿಗೂ ತಿಳಿಯುವುದು.

ಮುಚ್ಚಿದ ದಿನ ದನಗಳ ಗತಿ

ಇಲ್ಲಿಯೇ ಕಷ್ಟವಿರುವುದು. ಗದ್ದೆಯುಳ್ಳವನ ಮನೆಯಲ್ಲಿ ಹುಲ್ಲಿನ ಬಣವೆಯಿದೆ. ಅವನು ಎರಡು ದಿನ ದನವನ್ನು ಕೊಟ್ಟಿಗೆಯಲ್ಲಿ ಕಟ್ಟಿದರೆ ನಷ್ಟವೇನಿಲ್ಲ. ಜಮೀನಿಲ್ಲದೆ ಎರಡು ಹಸುಗಳನ್ನು ಇಟ್ಟುಕೊಂಡು ಡೇರಿಗೆ ಹಾಲು ಹಾಕಿ ಬದುಕುವವನಿಗೆ ಗೋಮಾಳವನ್ನು ಬಿಟ್ಟರೆ ಬೇರೆ ಹುಲ್ಲಿಲ್ಲ. ಗೋಮಾಳವು ಕೆಟ್ಟರೆ ಮೊದಲು ಹಸು ಮಾರುವವನೂ ಅವನೇ. ಗೋಮಾಳವನ್ನು ಮುಚ್ಚಿದರೆ ಮೊದಲು ಪೆಟ್ಟು ತಿನ್ನುವವನೂ ಅವನೇ. ಅವನಿಗೆ ದಾರಿ ಮಾಡಿಕೊಡದೆ ಮುಚ್ಚುವ ಏರ್ಪಾಡು ನ್ಯಾಯವಲ್ಲ, ಹೆಚ್ಚು ದಿನ ನಡೆಯುವುದೂ ಇಲ್ಲ. ರಾತ್ರಿ ಬೇಲಿ ಮುರಿಯುವುದು.

ಆದುದರಿಂದ ಗೋಮಾಳದಲ್ಲಿ ಎತ್ತರವಾಗಿಯೂ ಗರಸಾಗಿಯೂ ಇರುವ ಒಂದು ಭಾಗವನ್ನು, ಒಟ್ಟು ವಿಸ್ತೀರ್ಣದಲ್ಲಿ ಐದನೆಯ ಒಂದು ಅಂಶದಷ್ಟನ್ನು, ಒದ್ದೆದಿನಗಳ ತುಳಿತಕ್ಕೆಂದೇ ಬಿಟ್ಟುಬಿಡತಕ್ಕದ್ದು. ಅದು ಕೆಡುವುದು ನಿಜ. ಅದೊಂದು ಕೆಟ್ಟು ಉಳಿದ ನಾಲ್ಕು ಭಾಗ ಉಳಿಯುವುದು. ಆ ಭಾಗಕ್ಕೆ ಜಮೀನಿಲ್ಲದವರ ದನಗಳನ್ನು ಮೊದಲು ಬಿಟ್ಟು, ಬಣವೆಯುಳ್ಳವರು ತಮ್ಮ ದನಗಳನ್ನು ಮನೆಯಲ್ಲಿಯೇ ಕಟ್ಟಿಕೊಳ್ಳುವುದೆಂದು ಊರೊಟ್ಟಿನ ಒಪ್ಪಂದವಾಗಬೇಕು. ಇದರ ಜೊತೆಗೆ, ಮುಚ್ಚಿದ ಭಾಗಗಳಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಾಗ ಕುಡುಗೋಲಿನಿಂದ ಕುಯ್ದು ಹೊರೆಯಲ್ಲಿ ಒಯ್ಯಲು ಅನುಮತಿ ಕೊಡಬಹುದು. ಬರಿಗಾಲಿನ ಮನುಷ್ಯನಿಂದ ನೆಲಕ್ಕೆ ಆಗುವ ಕೇಡು ದನದಿಂದಾಗುವುದಕ್ಕೆ ಹೋಲಿಸಿದರೆ ಅತ್ಯಲ್ಪ. ನೆಲಮಟ್ಟಕ್ಕೆ ಬಳಿಯದೆ ಮೂರು ಅಂಗುಲ ಬಿಟ್ಟು ಕುಯ್ಯತಕ್ಕದ್ದು; ಎಲೆ ಉಳಿದರೆ ಮಾತ್ರವೇ ಬೇರು ಬೆಳೆಯುವುದು.

ಎಷ್ಟು ಮೇವು ಬೇಕಾದೀತೆಂಬುದಕ್ಕೆ ಒಂದು ಅಂದಾಜು. ದನವು ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡೂವರೆ ಪಾಲಿನಷ್ಟು ಒಣಮೇವನ್ನು ತಿನ್ನುವುದೆಂದು ಎಣಿಸಿದರೆ, ಗಿಡ್ಡ ಹಸುವಿಗೆ ದಿನಕ್ಕೆ ಮೂರು ಕಿಲೋಗ್ರಾಂ, ದೊಡ್ಡ ಮಿಶ್ರತಳಿಗೆ ಹತ್ತು. ಮಳೆಗಾಲದಲ್ಲಿ ಒಟ್ಟು ಇಪ್ಪತ್ತು ದಿನ ಮುಚ್ಚಿದರೂ ಮೊದಲನೆಯದಕ್ಕೆ ೬೦, ಎರಡನೆಯದಕ್ಕೆ ೨೦೦ ಕಿಲೋಗ್ರಾಂ ಸಾಕು. ಎಕರೆ ಗದ್ದೆಯ ಬತ್ತದ ಹುಲ್ಲು ಇದಕ್ಕೆ ಎಷ್ಟೋ ಮಿಗಿಲು. ಬರಿಯ ಬತ್ತದ ಹುಲ್ಲಿನಲ್ಲಿ ಸತ್ವವು ಕಡಮೆಯಾದ್ದರಿಂದ ಬದುವಿನ ಹಸಿಹುಲ್ಲನ್ನಾಗಲಿ, ಬಚ್ಚಲುನೀರು ಹರಿಯುವೆಡೆ ನೆಟ್ಟ ನೇಪಿಯರ್ ಹುಲ್ಲನ್ನಾಗಲಿ ಬೆರೆಸಿ ಹಾಕತಕ್ಕದ್ದು. ಕುಯಿಲಿನ ಯಂತ್ರ ಬಂದ ಮೇಲೆ ಹುಲ್ಲನ್ನು ಗದ್ದೆಯಲ್ಲಿಯೇ ಚೆಲ್ಲಿ ಬೆಂಕಿಯಿಡುವ ಅಭ್ಯಾಸವು ಕೆಲವು ಕಡೆ ಹಬ್ಬುತ್ತಿರುವುದು ಶೋಚನೀಯ. ಆ ಹುಲ್ಲನ್ನು ಪೆಂಡಿ ಕಟ್ಟಿಸಿ ಒಂದು ಕಡೆ ಒಟ್ಟಿದರೆ ಊರಿನ ದನಗಳಿಗೆಲ್ಲ ಒದ್ದೆದಿನಗಳ ಮೇವು ಒದಗುವುದು.

ನೀರನ್ನು ಬಸಿಯುವುದು

ಅಡಕೆ ತೋಟದಲ್ಲಿ ಬಸಿಗಾಲುವೆಯಿಲ್ಲದಿದ್ದರೆ ಮರ ಸೊರಗುವುದೆಂದು ತಿಳಿದ ರೈತರು ಗೋಮಾಳದ ನೀರಿನ ಬಗ್ಗೆ ಯೋಚಿಸದಿರುವುದು ವಿಚಿತ್ರ. ಗೋಮಾಳದಲ್ಲಿ ನಿಲ್ಲುವ ನೀರಿನಲ್ಲಿ ಬಹುಭಾಗವು ಅಲ್ಲಿ ಬಿದ್ದದ್ದಲ್ಲ, ಮೇಲಿನ ಇಳಿಜಾರಿನಿಂದ ಹರಿದುಬಂದದ್ದು. ಆದಕಾರಣ ಮೇಲ್ಗಡೆಯ ಎಲ್ಲೆಯುದ್ದಕ್ಕೂ ಒಂದು ಅಡ್ಡಗಾಲುವೆಯನ್ನು ತೆಗೆದು ಆ ನೀರನ್ನು ಪಕ್ಕಕ್ಕೆ ತಿರುಗಿಸಿದರೆ ಅರ್ಧ ಕೆಲಸವಾದಂತೆಯೇ. ಕಾಲುವೆಯನ್ನು ಒಂದರಿಂದ ಒಂದೂವರೆ ಅಡಿ ಆಳ, ಮೇಲೆ ನಾಲ್ಕು ಅಡಿ ಅಗಲವಾಗಿ, ತಟ್ಟೆಯಾಕಾರದಲ್ಲಿ ತೆಗೆದು ನೂರು ಅಡಿಗೆ ಆರು ಅಂಗುಲದಷ್ಟು ಇಳಿಜಾರು ಕೊಡತಕ್ಕದ್ದು. ಇಳಿಜಾರು ಇದಕ್ಕಿಂತ ಬಹಳ ಹೆಚ್ಚಾದರೆ ನೀರು ಮಣ್ಣನ್ನು ಕೊರೆಯುವುದು. ಒಳಮೈಗೆಲ್ಲ ಗರಿಕೆ ನೆಟ್ಟರೆ ಅಂಚು ಕುಸಿಯುವುದಿಲ್ಲ. ಬಿಟ್ಟ ನೀರು ಕೆರೆಗೋ ಹಳ್ಳಕ್ಕೋ ಸೇರಬೇಕೇ ಹೊರತು ಕೆಳಗಿನವನ ಗದ್ದೆಗೆ ನುಗ್ಗಬಾರದು. ಹಳ್ಳಿಗಳ ವ್ಯಾಜ್ಯಗಳಲ್ಲಿ ಹಲವು ಹೀಗೆಯೇ ಹುಟ್ಟಿದವು. ಗೋಮಾಳವು ಸರ್ಕಾರದ ಜಮೀನಾದ್ದರಿಂದ ಕಾಲುವೆ ಬೇಲಿಗಳ ಕೆಲಸಕ್ಕೆ ಮೊದಲು ಪಂಚಾಯಿತಿಯ ಮೂಲಕ ತಹಶೀಲ್ದಾರರಿಗೆ ತಿಳಿಸಿ ಅನುಮತಿ ಪಡೆಯತಕ್ಕದ್ದು.

ಬಾಗಿಲಿನ ಜಾಗಕ್ಕೆ ಬಸಿಗಾಲುವೆಯೊಂದೇ ಸಾಲದು. ಊರದನವೆಲ್ಲ ಅಲ್ಲಿಯೇ ಹಾಯುವುದರಿಂದ ಹತ್ತು ಹನ್ನೆರಡು ಗಜ ಉದ್ದಕ್ಕೆ ಜಂಬಿಟ್ಟಿಗೆ ಕಲ್ಲಿನ ಚೂರು ಹಾಸಿ, ಮೇಲೆ ಗರಸು ಹರಡಿ ಗಟ್ಟಿಸತಕ್ಕದ್ದು. ಎರಡು ಬಾಗಿಲುಗಳಿದ್ದು ವಾರಕ್ಕೊಂದನ್ನು ತೆರೆಯುವುದು ಇನ್ನೂ ಉತ್ತಮ. ಸಂತೆ, ಜಾತ್ರೆ, ಹುಡುಗರ ಕ್ರಿಕೆಟ್ಟು ಇವುಗಳಿಗೂ ಒದ್ದೆದಿನದಲ್ಲಿ ಗರಸಿನ ಭಾಗವನ್ನೇ ಕೊಡತಕ್ಕದ್ದು.

ಚಳಿಗಾಲದ ಮಳೆ ಮತ್ತು ಕಾಲುವೆಯ ಸೋರಿಕೆ

ಆಷಾಢ ಶ್ರಾವಣಗಳಲ್ಲಿ ಎಚ್ಚರವಾಗಿದ್ದವರೂ ಚಿತ್ತೆ ಸ್ವಾತಿ ಮಳೆಗಳಲ್ಲಿ ಮೈಮರೆಯುವುದುಂಟು. ಅಕ್ಟೋಬರು ನವೆಂಬರು ತಿಂಗಳುಗಳಲ್ಲಿ ಸಮುದ್ರದ ಕಡೆ ವಾಯುಭಾರ ಕುಸಿದು ಮೂರು ನಾಲ್ಕು ದಿನ ಜಡಿಮಳೆ ಹಿಡಿದಾಗ, ಇನ್ನೇನು ಮಳೆಗಾಲ ಮುಗಿಯಿತೆಂದು ದನಗಳನ್ನು ಬಿಟ್ಟಿರುತ್ತಾರೆ. ಈ ಕಾಲದ ತುಳಿತವು ಹೆಚ್ಚು ಕೆಟ್ಟದ್ದು. ಆಷಾಢದಲ್ಲಿ ಬಿದ್ದ ಗುಳಿಯ ಸುತ್ತ ಹುಲ್ಲು ಮತ್ತೆ ಬೆಳೆಯಲು ಮೂರು ತಿಂಗಳ ಮಳೆ ಮುಂದಿದೆ. ಸ್ವಾತಿಯಲ್ಲಿ ಬಿದ್ದದ್ದಕ್ಕೆ ಮುಂದೆ ಚಳಿ, ಅದರಾಚೆಗೆ ಬಿಸಿಲು. ಗುಳಿಯು ಹಾಗೆಯೇ ಒಣಗಿ ಇಟ್ಟಿಗೆಯಾಗುವುದು. ಸ್ಕಾಟ್ಲೆಂಡಿನವರ ಚಾಪೆಯ ಕಟ್ಟಳೆಗೆ ಹೇಳಿದ ಕಾರಣವೇ ಇಲ್ಲಿಗೂ ಅನ್ವಯಿಸುವುದು.

ಲಕ್ಕವಳ್ಳಿಯ ಭದ್ರಾ ಜಲಾಶಯದ ಕಾಲುವೆಗಳ ಕೆಳಗೂ, ಗಾಜನೂರಿನ ತುಂಗಾ ಅಣೆಕಟ್ಟಿನ ಕಾಲುವೆಯ ಕೆಳಗೂ ಇರುವ ಹಳ್ಳಿಗಳಿಗೆ ಇನ್ನೊಂದು ತೊಂದರೆಯಿದೆ. ಬೇಸಗೆ ಬೆಳೆಗೆ ನೀರು ಬಿಟ್ಟ ವರ್ಷಗಳಲ್ಲಿ ಆಕಾಶದಿಂದ ಹನಿ ಬೀಳದಿದ್ದರೂ ಕಾಲುವೆಯ ಬದಿಯ ತಗ್ಗುನೆಲವು ಸೋರಿಕೆಯಿಂದ ತೊಯ್ದೇ ಇರುವುದು. ಹಸುರು ಅಲ್ಲಿ ಮಾತ್ರ ಉಳಿದಿರುವುದರಿಂದ ಸುತ್ತಲಿನ ದನಗಳೆಲ್ಲ ಅಲ್ಲಿಗೇ ನುಗ್ಗುತ್ತವೆ. ಇಂಥ ಜಾಗಕ್ಕೆ ಬೇಲಿ ಹಾಕಿ, ನೇಪಿಯರನ್ನೋ ಮತ್ತಾವುದಾದರೂ ಕುಯ್ಯುವ ಹುಲ್ಲನ್ನೋ ಬೆಳೆಸಿ ಮನೆ ಮನೆಗೆ ಹಂಚಿಕೊಳ್ಳುವುದು ಲಾಭಕರ. ಚಪ್ಪಟೆ ಹುಳುವಿನ ಭಯವೂ ಇಲ್ಲಿಯೇ ಹೆಚ್ಚಾದ್ದರಿಂದ, ಕುಯ್ದ ಹುಲ್ಲನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಹಾಕುವುದು ಕ್ಷೇಮ.

ಕೆಟ್ಟ ನೆಲವನ್ನು ಸರಿಪಡಿಸುವುದು

ಗುಳಿಬಿದ್ದ ನೆಲವನ್ನು ಒದ್ದೆಯಲ್ಲಿಯೇ ಹಲಗೆ ಎಳೆದು ಸಮಮಾಡುವುದು ಕೂಡದು. ಉಳಿದಿದ್ದ ರಂಧ್ರಗಳೂ ಅದರಿಂದ ಮುಚ್ಚುವುವು. ಹಾಗೆಂದು ಇಡೀ ಗೋಮಾಳವನ್ನು ನೇಗಿಲಿನಿಂದ ಉಳುವುದೂ ತಪ್ಪು, ಇರುವ ಗರಿಕೆಯೂ ಹೋಗಿ ಮುಂದಿನ ಮಳೆಗೆ ಮಣ್ಣು ಕೊಚ್ಚಿಹೋಗುವುದು. ಮಣ್ಣು ಒತ್ತಿದರೆ ಪುಡಿಯಾಗುವ ಹದದಲ್ಲಿರುವಾಗ ಗುಳಿಗಳ ಅಂಚನ್ನು ಗುದ್ದಲಿಯಿಂದ ಒಡೆದು ತುಂಬಿ, ಬಾಗಿಲು ಕೆರೆಬದಿ ಮುಂತಾಗಿ ಗಟ್ಟಿಯಾದ ಕಡೆ ಹಾರೆಯಿಂದ ಗೇಣಿಗೊಂದರಂತೆ ನಾಲ್ಕೈದು ಅಂಗುಲ ಆಳದ ತೂತು ಹಾಕಿ, ಮರಳು ಬೆರೆಸಿದ ಹಳೆಯ ಗೊಬ್ಬರವನ್ನು ತೆಳ್ಳಗೆ ಎರಚಬೇಕು. ಗಾಲ್ಫ್ ಬಯಲಿನವರು ಇದನ್ನೇ ಯಂತ್ರದಿಂದ ಮಾಡುತ್ತಾರೆ. ಗೊಬ್ಬರ ಬಿದ್ದ ಕಡೆ ಎರೆಹುಳು ಸೇರಿ ಉಳಿದ ಕೆಲಸವನ್ನು ಕೂಲಿಯಿಲ್ಲದೆ ಮಾಡುವುದು.

ಪೂರ್ತಿ ಬೋಳಾದ ಜಾಗಕ್ಕೆ ಪಾರ್ಥೇನಿಯಂ ಗಿಡಗಳನ್ನು ಹೂ ಬಿಡುವ ಮೊದಲೇ, ಕೈಗೆ ಚೀಲವನ್ನೋ ಕವಚವನ್ನೋ ಹಾಕಿಕೊಂಡು, ಬೇರುಸಹಿತ ಕಿತ್ತು, ಆರಿದ್ರಾ ಮಳೆ ಹಿಡಿದೊಡನೆ ಗರಿಕೆ ನೆಡತಕ್ಕದ್ದು. ಎರಡು ಮೂರು ಗೆಣ್ಣುಗಳುಳ್ಳ ಬಳ್ಳಿಯ ತುಂಡುಗಳನ್ನು ಗೇಣು ಅಂತರದ ಸಾಲುಗಳಲ್ಲಿ, ಒಂದು ತುದಿ ಮಣ್ಣಿನ ಮೇಲೆ ಕಾಣುವಂತೆ ಊರಿ ಕಾಲಿನಿಂದ ಮೆಲ್ಲಗೆ ಅದುಮಿದರೆ ಸಾಕು. ಒಂದು ಗುಂಟೆಗೆ ಬೇಕಾಗುವ ಬಳ್ಳಿಯು ಗದ್ದೆಯ ಬದುವಿನಲ್ಲಿಯೇ ಸಿಕ್ಕುವುದು. ರೈತನು ಹೇಗೂ ಅದನ್ನು ಹೊಲದಿಂದ ಕಿತ್ತು ಎಸೆಯುತ್ತಿರುತ್ತಾನೆ. ನೆಟ್ಟ ಭಾಗಕ್ಕೆ ಮುಳ್ಳುಬೇಲಿ ಹಾಕಿ, ಮಖೆ ಮಳೆ ಮುಗಿಯುವವರೆಗೆ ಯಾವ ದನವನ್ನೂ ಬಿಡತಕ್ಕದ್ದಲ್ಲ. ಬಳಿಕ ಒಂದು ಸಲ ಕುಡುಗೋಲಿನಿಂದ ಕುಯ್ದು, ನೆಲವು ಒಣಗಿದ ದಿನ ನೋಡಿ ಮೊದಲು ಕರುಗಳನ್ನು ಬಿಡಬೇಕು. ಕೈಯಿಂದ ಹಿಡಿದೆಳೆದಾಗ ಗರಿಕೆಯು ಬೇರುಸಹಿತ ಕಿತ್ತುಬಾರದೆ ಎಲೆ ಮಾತ್ರ ಹರಿದುಬರುವಷ್ಟು ಬೇರೂರಿದ ಮೇಲೆ ದೊಡ್ಡ ದನಗಳನ್ನು ಬಿಡಬಹುದು.